ಸ್ವಂತ ಮನೆಗೇ ನೆಂಟರಾದ ಹೆಗಡೆಯವರು

ಕೇಳಿ ಮಾರಾಯ್ರೆ, ಇವತ್ತು ಮನೆ ಬಿಡಿಸುವುದಕ್ಕೆ ಸಾಕ್ಷಿಯಾಗಿ ಹೋಗಿದ್ದೆ. ಬಾಡಿಗೆಗಿದ್ದ ಮುಂಬಯಿ ಸರ್ಕಾರದ ಗುಮಾಸ್ತರು ಊರು ಬಿಟ್ಟಾಗಿನಿಂದ ಹುಲೇಕಲ್ಲಿನ ಹೆಗಡೆಯವರ ಶಿರಸಿ ಪೇಟೆಯ ಮನೆ ಖಾಲಿ ಬಿದ್ದಿತ್ತು. ಬನವಾಸಿ ಕಡೆಯ ಜವಳಿ ವ್ಯಾಪಾರಿ ಬಸಣ್ಣ ಹೇಳದೆ ಕೇಳದೆ ಬೀಗ ಮುರಿದು ಅಲ್ಲಿ ಸಂಸಾರ ಹೂಡಿದ್ದ.

ಹೆಗಡೆಯವರು ದಾರಿಯುದ್ದಕ್ಕೂ ಹಲ್ಲು ಕಡಿಯುತ್ತಿದ್ದರು. "ಇವತ್ತು ಅವನ ಚಾಪೆ, ಪಾತ್ರೆ ಎಲ್ಲ ಬೀದಿಗೆ ಒಗಿತೆ!"

ಬಸಣ್ಣ ಬಾಗಿಲಲ್ಲೇ ಕೈಮುಗಿದ. "ಬರ್ರಿ ಹೆಗಡೇರ, ಬಿಸಿಲಾಗ ಬಂದೀರಿ. ಕಾಲು ತೊಳಕೊಳ್ರಿ, ಕುಂದರ್ರಿ."

ತಂಬಿಗೆ ನೀರು ಮುಂದೆ ಬಂದರೆ ನಮ್ಮವರಿಗೆ ಬೇರೇನೂ ತೋಚುವುದಿಲ್ಲ. ಹೆಗಡೆಯವರು ಕಾಲು ತೊಳೆದು, ಕಂಬಳಿಯ ಮೇಲೆ ಕೂತು, ಬೆಲ್ಲ ನೀರು ಕುಡಿದು, ಕವಳದ ತಟ್ಟೆ ಎಳೆದುಕೊಂಡರು. ಬಾಯಿ ತುಂಬ ಎಲೆಯಡಿಕೆ ಇಟ್ಟುಕೊಂಡು ಬೈಯುವುದು ಹೇಗೆ? ಮಳೆಯ ವಿಷಯ ಮಾತಾಡಿ ಎದ್ದರು.

"ಬರ್ತೆ ಹಂಗಾರೆ," ಎಂದು ಅಪ್ಪಣೆಯನ್ನೂ ಕೇಳಿದರು.

"ಆಗಾಗ ಬರ್ತಾ ಇರ್ರಿ. ನಿಮ್ಮ ಮನೀನ ಅಂತ ತಿಳ್ಕೋರಿ," ಎಂದ ಬಸಣ್ಣ.

ಬಸ್‌ಸ್ಟ್ಯಾಂಡಿಗೆ ಬಂದ ಮೇಲೆ ಹೆಗಡೆಯವರು ಗಕ್ಕನೆ ನಿಂತರು. "ಅಲ್ದನಾ ತಮಾ, ನಾವು ಹೋಗಿದ್ದು ಎಂತಕ್ಕೆ?"

ನಾನು ಸಾಕ್ಷಿ, ಉತ್ತರ ಕೊಡಬೇಕಿತ್ತು. ಆದರೆ ಬಸಣ್ಣನ ಕವಳ ಇನ್ನೂ ನನ್ನ ಬಾಯಲ್ಲಿತ್ತು.