ಕಟ್ಟೆಯ ಕೆಳಗಿನ ಹೆಸರು

ಚಿಕ್ಕೋಡಿಯಲ್ಲಿ ನಮ್ಮದೊಂದು ಇತಿಹಾಸ ಮಂಡಳವಿತ್ತು. ಈಗ ಇಲ್ಲ. ಬೋರ್ಡೂ ಇಲ್ಲ, ಬೋರ್ಡಿನ ಮೇಲೆ ಹೆಸರು ಬರೆಸಿಕೊಳ್ಳಲು ಜಗಳಾಡಿದವರೂ ಬಹಳ ಮಂದಿ ಉಳಿದಿಲ್ಲ. ಎಂಬತ್ತರ ದಶಕದ ಕೊನೆಗೆ ನಾನು ಅಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ. ನಮ್ಮ ಕಡೆ ಶಿಕ್ಷಕಿಯರನ್ನು ಬಾಯಾರು ಎನ್ನುತ್ತಾರೆ, ಹಾಗಾಗಿ ಮಂಡಳದಲ್ಲೂ ನಾನು ಬಾಯಾರೇ. ಸದಸ್ಯರ ಪೈಕಿ ಹೆಂಗಸು ನಾನೊಬ್ಬಳೇ. ಮೀಟಿಂಗಿಗೆ ಕರೆಯುವಾಗ "ಹೆಣ್ಮಕ್ಕಳೂ ಬೇಕ್ರಿ ಇಂಥಾದ್ರಾಗ" ಎನ್ನುವರು. ಹೋಗಿ ಕೂತರೆ "ಬಾಯಾರ, ಚಹಾಕ್ಕ ಸಕ್ಕರಿ ಸಾಕೇನ ನೋಡ್ರಿ" ಎನ್ನುವರು. ನಾನು ನೋಡುತ್ತಿರಲಿಲ್ಲ. ಸಪ್ಪೆ ಚಹಾ ಕುಡಿದೇ ನಮ್ಮ ಮಂಡಳ ಬಹಳಷ್ಟು ಠರಾವು ಪಾಸು ಮಾಡಿತು.

ಕೆಲಸ ಘನಂದಾರಿಯದೇನಲ್ಲ. ಹಳ್ಳಿಗಳಿಗೆ ಹೋಗಿ, ಹೊಲದ ಬದುವಿನಲ್ಲಿ ಬಿದ್ದ ಶಾಸನ, ವೀರಗಲ್ಲು, ಒಡೆದ ಬಸದಿ, ಇವುಗಳ ಬಗ್ಗೆ ಊರವರಿಗೇ ತಿಳಿಸಿ ಹೇಳುವುದು. ತಮ್ಮ ಕಲ್ಲಿನ ಬೆಲೆ ತಮಗೆ ಗೊತ್ತಾದರೆ ಅವರೇ ಕಾಯುತ್ತಾರೆ ಎಂದು ನಮ್ಮ ಮಾಸ್ತರರು ಹೇಳುತ್ತಿದ್ದರು. ಮಾಸ್ತರರು ನಿವೃತ್ತರು, ಮಂಡಳ ಕಟ್ಟಿದವರು, ಶಾಸನದ ಅಕ್ಷರ ಓದಬಲ್ಲವರು ನಮ್ಮಲ್ಲಿ ಅವರೊಬ್ಬರೇ. ಧಾರವಾಡದ ಒಂದು ಸಂಸ್ಥೆ ನಮ್ಮ ಬೆನ್ನಿಗಿತ್ತು. ಅವರು ಸ್ಲೈಡ್ ಪ್ರೊಜೆಕ್ಟರ್ ಕೊಡುವರು, ಭಾಷಣಕ್ಕೆ ಪಂಡಿತರೊಬ್ಬರನ್ನು ಕಳಿಸುವರು. ಬದಲಿಗೆ ಕಾರ್ಯಕ್ರಮಕ್ಕೆ ಜನ ಕೂಡಬೇಕು, ಪೇಪರಿನಲ್ಲಿ ಫೋಟೋ ಬರಬೇಕು. ನಾವು ಸಂಜೆ ಕರೆಂಟು ಬರುವುದನ್ನೇ ಕಾದು, ಗುಡಿಯ ಗೋಡೆಗೆ ಬಿಳಿ ಧೋತರ ಕಟ್ಟಿ, ಬೇಲೂರು ಬಾದಾಮಿಗಳನ್ನು ತೋರಿಸುತ್ತಿದ್ದೆವು.

ದಿಗ್ಗೇವಾಡಿಯಿಂದ ಆಚೆ, ಹೊಳೆಯ ದಂಡೆಯ ಒಂದೂರಿಗೆ ಹೀಗೆ ಹೋದಾಗ ಮುದುಕಿಯೊಬ್ಬಳು ಮಾಸ್ತರರನ್ನು ತಡೆದು ನಿಲ್ಲಿಸಿದಳು. ಊರಿಗೆಲ್ಲ ಅವಳು ಆಯಿ.

"ಬ್ಯಾರೇ ಊರಿನ ಕಲ್ಲ ಸಾಕ ಮಾಡ್ರಿ ಮಾಸ್ತರ. ನನ್ನ ಹೊಲದಾಗ ಒಂದ ಐತಿ. ಅಕಿ ಹೆಸರೇನ, ಅದನ್ನ ಹೇಳ್ರಿ."

ಕಬ್ಬಿನ ಹೊಲದ ಅಂಚಿಗೆ, ಬಾವಿಯ ಪಕ್ಕ, ಮಾಸ್ತಿಕಲ್ಲು. ಗಂಡನ ಚಿತೆಯಲ್ಲಿ ಸುಟ್ಟುಹೋದವಳ ನೆನಪಿಗೆ ನಿಲ್ಲಿಸುತ್ತಿದ್ದ ಕಲ್ಲು. ಕಂಬದಿಂದ ಹೊರಟ ಒಂದು ಕೈ, ಮೊಣಕೈಯಲ್ಲಿ ಬಾಗಿ ಅಂಗೈ ತೆರೆದು ನಿಂತಿದೆ, ತುಂಬ ಬಳೆ. ಆಯಿ ಸೊಸೆಯಾಗಿ ಬಂದ ವರ್ಷ ಅತ್ತೆ ಅವಳ ಕೈಗೆ ಎಣ್ಣೆಯ ಗಿಂಡಿ ಕೊಟ್ಟು, ಅಮಾವಾಸ್ಯೆಗೊಮ್ಮೆ ದೀಪ ಹಚ್ಚಿ ಬಾ ಎಂದಿದ್ದಳಂತೆ. ಸಣ್ಣ ವಯಸ್ಸಿನಲ್ಲೇ ಗಂಡ ಹೋದ. ದೀಪ ತಪ್ಪಲಿಲ್ಲ.

"ಅಕಿ ಕೈತುಂಬ ಬಳಿ ಅದಾವ, ನನ್ನ ಕೈ ನೋಡ್ರಿ, ಬೋಳ. ಆದ್ರೂ ಅಕಿ ಮುಂದ ಕುಂತ್ರ ಸಮಾಧಾನ ಆಕ್ಕೈತಿ. ಮನಿ ಮಂದಿಗೆ ಹೇಳಲಾರದ್ದೆಲ್ಲಾ ಅಕಿ ಮುಂದ ಹೇಳೇನಿ. ಒಮ್ಮಿನೂ ಹೆಸರ ಹಿಡದ ಕರದಿಲ್ರಿ. ಸಾಯೂದ್ರೊಳಗ ಒಂದ ಸಲರೆ ಹೆಸರ್ಲೆ ಕರೀಬೇಕ." ಇಷ್ಟು ಹೇಳಿ ಅವಳು ನಮಗೆ ಮಜ್ಜಿಗೆ ತರಲು ಮನೆಗೆ ಹೋದಳು.

ಮಾಸ್ತರರು ಚೀಲದಿಂದ ಜೋಳದ ಹಿಟ್ಟು ತೆಗೆದು ಕಲ್ಲಿನ ಬುಡಕ್ಕೆ ತಿಕ್ಕಿದರು. ಹಿಟ್ಟು ಅಕ್ಷರದೊಳಗೆ ಕೂತು ಸಾಲು ಬೆಳ್ಳಗೆ ಎದ್ದಿತು. ಊರಗೌಡನ ಹೆಸರು, ಅದರ ಮುಂದೆ 'ಮಡದಿ' ಎಂಬ ಶಬ್ದ, ಅಲ್ಲಿಂದ ಕೆಳಗೆ ಮಣ್ಣು. ಮಾಸ್ತರರು ಮಣ್ಣಿನೊಳಗೆ ಬೆರಳು ತೂರಿಸಿ ನೋಡಿದರು. "ಅಕ್ಷರ ಅದಾವ್ರಿ, ಛಲೋ ಅದಾವ" ಎಂದರು. ನೋಡಿದಿರಾ, ಗಂಡನ ಹೆಸರು ನೆಲದ ಮೇಲೆ, ಹೆಂಡತಿಯದು ನೆಲದ ಕೆಳಗೆ!

"ಅಗೀರಿ ಮತ್ತ, ಅಲ್ಲೇ ಸಲಿಕಿ ಬಿದ್ದೈತಿ" ಎಂದೆ ನಾನು. ಗೇಣುದ್ದ ಮಣ್ಣು, ಆಯಿ ಮಜ್ಜಿಗೆ ತರುವುದರೊಳಗೆ ಮುಗಿಯುವ ಕೆಲಸ.

ನಮ್ಮ ಅಧ್ಯಕ್ಷರು ಅಡ್ಡ ಬಂದರು. "ತಡೀರಿ ಬಾಯಾರ, ಗಡಿಬಿಡಿ ಮಾಡಬ್ಯಾಡ್ರಿ. ಇದು ಕಾರ್ಯಕ್ರಮ ಆಗೂ ವಿಷಯ ಐತಿ. ಊರ ಮಂದಿ ಎದುರ ಅಗಿಯೂದು, ಪಂಡಿತರ ಕಡೆಯಿಂದ ಓದಸೂದು. ಧಾರವಾಡದವರೂ ಖುಷಿ ಆಕ್ಕಾರ. ಮತ್ತ ಹೆಸರ ಎಲ್ಲೈತಿ ಅಂತ ಯಾರಿಗೂ ಬಾಯಿ ಬಿಡಬ್ಯಾಡ್ರಿ, ಉಡಾಳ ಹುಡುಗರು ಅಗದ ಕೆತ್ತಿ ಹಾಳ ಮಾಡ್ತಾವ." ಮಾಸ್ತರರು ಬಹಳ ಹೊತ್ತು ಕಲ್ಲನ್ನೇ ನೋಡಿ, ಕೊನೆಗೆ ಹೂಂ ಎಂದರು. ಪಂಡಿತರಿದ್ದರೆ ಕಾಗದದ ಮೇಲೆ ಅಚ್ಚೂ ತೆಗೆಯಬಹುದು ಎಂಬ ಆಸೆ ಅವರಿಗೆ. ಆಯಿಗೆ ಹೇಳಿದ್ದು ಇಷ್ಟೇ: ಹೆಸರು ಸಿಗುತ್ತದೆ, ಸುಗ್ಗಿ ಮುಗಿದ ಮೇಲೆ ದೊಡ್ಡ ಕಾರ್ಯಕ್ರಮ ಮಾಡಿ ಎಲ್ಲರ ಎದುರು ಓದುತ್ತೇವೆ. "ಊರೆಲ್ಲಾ ಅಕಿ ಹೆಸರ ಕೇಳೂದಾದ್ರ ನಾ ಯಾಕ ಬ್ಯಾಡ ಅನ್ಲಿ?" ಎಂದು ಅವಳು ನಕ್ಕಳು. ಅಲ್ಲೇ ಬಿದ್ದಿದ್ದ ಆ ಸಲಿಕೆಯನ್ನು ನಾನು ಇವತ್ತಿಗೂ ಮರೆತಿಲ್ಲ.

ನಡುವೆ ಆ ಊರಿಗೆ ಎಷ್ಟು ಸಲ ಹೋದೆವೋ! ಸ್ಲೈಡು ತೋರಿಸಿದೆವು, ಶಾಲೆಯ ಹುಡುಗರಿಗೆ ಊರಿನ ಮೇಲೊಂದು ಹಾಡು ಕಲಿಸಿದೆವು. ಒಂದು ಸಭೆಯಲ್ಲಿ ಭಾಷಣಕಾರರೊಬ್ಬರು ಮಾಸ್ತಿಕಲ್ಲಿನ ಹೆಂಗಸನ್ನು ಪತಿವ್ರತೆ, ಮಹಾಸಾಧ್ವಿ ಎಂದು ಹೊಗಳತೊಡಗಿದಾಗ ನನಗೆ ತಡೆಯಲಾಗಲಿಲ್ಲ. "ಸುಟ್ಟ ಮ್ಯಾಲೆ ಹೊಗಳೂದು ಬಾಳ ಸಸ್ತಾ ಐತ್ರಿ" ಎಂದುಬಿಟ್ಟೆ. ಗಂಡಸರು ನೆಲ ನೋಡಿದರು, ಹಿಂದೆ ಕೂತ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಊರು ಮಾತ್ರ ನಿಜಕ್ಕೂ ಬದಲಾಗಿತ್ತು. ಕಲ್ಲಿಗೆ ಸಗಣಿಯ ಕುಳ್ಳು ತಟ್ಟುತ್ತಿದ್ದವರು ಬಿಟ್ಟರು, ಹುಡುಗರು ಮುಳ್ಳು ಕಡಿದು ದಾರಿ ಮಾಡಿದರು. ಮಾಸ್ತರರು ಸಿಕ್ಕ ಸಿಕ್ಕವರಿಗೆ ಆ ಊರಿನ ಗುಣಗಾನ ಮಾಡುತ್ತಿದ್ದರು.

ಕಾರ್ಯಕ್ರಮದ ದಿನ ಟೆಂಪೊ ಇಳಿದಾಗ ಹಲಗೆ ಶಹನಾಯಿಗಳ ಸ್ವಾಗತ. ಬಾವಿಯ ತಿರುವು ದಾಟಿದೆವು, ಮುಂದಿದ್ದ ಮಾಸ್ತರರು ಗಕ್ಕನೆ ನಿಂತರು. ಕಲ್ಲಿನ ಸುತ್ತ ಹೊಸ ಕಟ್ಟೆ! ಸೊಂಟದೆತ್ತರ, ಗಟ್ಟಿ ಸಿಮೆಂಟು, ಮೇಲೆ ನುಣ್ಣನೆಯ ಫರ್ಶಿ ಕಲ್ಲಿನ ಹಾಸು. ನಡುವಿನಿಂದ ಆ ಕೈಯೊಂದು ಮಾತ್ರ ಹೊರಗೆ. ಕೈಗೆ ಹಳದಿ ಆಯಿಲ್ ಪೇಂಟು, ಬಳೆಗೆ ಹಸಿರು. ಮುಂಭಾಗದ ಹಾಲುಗಲ್ಲಿನ ಮೇಲೆ ಅತಿಥಿಗಳ ಹೆಸರು, ಅಧ್ಯಕ್ಷರ ಹೆಸರು, ಆಯಿಯ ಮಕ್ಕಳ ಹೆಸರು. ಆಯಿಯದು ಹುಡುಕಿದೆ, ಇರಲಿಲ್ಲ.

ಆಯಿ ಹೊಸ ಸೀರೆ ಉಟ್ಟು ಓಡೋಡಿ ಬಂದಳು. "ದೊಡ್ಡ ಮಂದಿ ಬರಾಕತ್ತಾರ, ಅಕಿ ಕೆಸರಾಗ ನಿಂತಿದ್ರ ಚೆಂದ ಕಾಣ್ತೈತೇನ್ರಿ? ಮಕ್ಕಳ ಬೆನ್ನ ಹತ್ತಿ ಕಟ್ಟಿಸೇನಿ. ಹೆಂಗೈತ್ರಿ ಮಾಸ್ತರ?"

"ಛಲೋ ಆಗೈತಿ ಆಯಿ" ಎಂದರು ಮಾಸ್ತರರು. ಅವರ ಕಣ್ಣು ಕಲ್ಲಿನ ಬುಡ ಮುಚ್ಚಿದ ಸಿಮೆಂಟಿನ ಮೇಲಿತ್ತು.

ಕಾಯಿ ಒಡೆದದ್ದಾಯಿತು, ಹಾರ ಹಾಕಿದ್ದಾಯಿತು. ಅಧ್ಯಕ್ಷರು ಗ್ರಾಮಸ್ಥರ ಇತಿಹಾಸಪ್ರೇಮವನ್ನು ಮನಸಾರೆ ಕೊಂಡಾಡಿದರು. ಮಣ್ಣಂಗಟ್ಟಿ! ಪಂಡಿತರು ನನ್ನ ಕಿವಿಯ ಬಳಿ ಬಗ್ಗಿ "ಶಾಸನ ಎಲ್ಲೈತ್ರಿ?" ಎಂದರು. ನಾನು ಫರ್ಶಿಯ ಕಡೆ ಕಣ್ಣು ಮಾಡಿದೆ. ಅಗೆಯುವ, ಓದುವ ಮಾತನ್ನು ಯಾರೂ ಎತ್ತಲಿಲ್ಲ, ವಂದನಾರ್ಪಣೆ ಮುಗಿಸಿ ಎಲ್ಲರೂ ಊಟಕ್ಕೆ ಎದ್ದರು.

ಆಯಿ ಏಳಲಿಲ್ಲ. ಕಟ್ಟೆಯ ಅಂಚಿಗೆ ಕಾಲು ಮಡಚಿ ಕೂತಿದ್ದಳು. "ಊಟ ಎಲ್ಲಿ ಹೋಗ್ತೈತ್ರಿ ಮಾಸ್ತರ. ಮೊದಲ ಹೆಸರ ಹೇಳ್ರಿ."

ಮಾಸ್ತರರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ಅಕ್ಷರ ಸವದ ಹೋಗ್ಯಾವ ಆಯಿ. ಓದಾಕ ಬರೂದಿಲ್ಲ."

ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಆಯಿ ತಾನೇ ಅವರಿಗೆ ಸಮಾಧಾನ ಹೇಳಿದಳು. "ಹೋಗ್ಲಿ ಬಿಡ್ರಿ. ಹೆಣ್ಮಕ್ಕಳ ಹೆಸರ ಯಾರ ಬರದಿಡ್ತಾರ?"

ಅಷ್ಟು ಕೇಳಿದ್ದೇ ನನ್ನ ಮೈ ಉರಿಯಿತು. ಮಾಸ್ತರರು ಬೇಡ ಎಂದು ಕಣ್ಣಿನಲ್ಲೇ ಹೇಳುತ್ತಿದ್ದರು, ಆದರೂ ಅವಳು ಹಾಗಂದುಕೊಂಡು ಸಾಯುವುದು ನನಗೆ ಸಹಿಸಲಾಗಲಿಲ್ಲ. "ಬರದಾರ ಆಯಿ! ಕಲ್ಲಿನಾಗ ಕೊರದ ಬರದಾರ. ಅಕಿ ಹೆಸರ ಕಲ್ಲಿನ ಬುಡದಾಗ ಇತ್ತು. ಈಗ ನೀ ಕುಂತಿ ನೋಡು, ಈ ಕಟ್ಟಿ ಕೆಳಗ ಐತಿ" ಎಂದೆ.

ಆಯಿ ಗಡಬಡಿಸಿ ಕೆಳಗಿಳಿದಳು. ಫರ್ಶಿಯ ಮೇಲೆ ಅಂಗೈ ಇಟ್ಟು, "ಇದರ ಕೆಳಗ?" ಎಂದಳು. ಹೂಂ ಎಂದೆ. ಹಿರಿಯ ಮಗನನ್ನು ಕೂಗಿ ಕರೆದಳು, ಹಾರೆ ತಾ ಎಂದಳು. ಮಗ ಗಾಬರಿಯಾದ. "ಏನ ಹುಚ್ಚ ಹಿಡೀತೇನ ಬೇ ನಿನಗ? ಅಯ್ನಾರು ಪೂಜಿ ಮಾಡಿ ಹ್ವಾದ ತಾಸ ಆಗಿಲ್ಲ. ಒಡದ್ರ ಮನಿಗೆ ಛಲೋ ಆಗಂಗಿಲ್ಲ." ಆಯಿ ಮಾಸ್ತರರ ಕಡೆ ನೋಡಿದಳು. ದೇವರ ಪೂಜೆ ಆದದ್ದನ್ನು ಒಡೆಯಿರಿ ಎನ್ನುವ ಧೈರ್ಯ ಅವರಿಗೂ ಇರಲಿಲ್ಲ.

ಆ ಕಟ್ಟೆ ಬಿಚ್ಚಿಸಬೇಕೆಂದು ಮುಂದೆ ನಾನು ಮಂಡಳದಲ್ಲಿ ಠರಾವು ತಂದೆ. ನೋಡೋಣ, ಊರವರ ಮನಸ್ಸು ನೋಯಿಸುವುದು ಬೇಡ ಎಂದು ಎಳೆದಾಡಿದರು. ಅಷ್ಟರಲ್ಲಿ ಆಮಂತ್ರಣ ಪತ್ರಿಕೆ ಕನ್ನಡದಲ್ಲಷ್ಟೇ ಇರಬೇಕೋ, ಮರಾಠಿಯಲ್ಲೂ ಇರಬೇಕೋ ಎಂದು ಚಿಕ್ಕೋಡಿಯ ಸದಸ್ಯರಿಗೂ ನಿಪ್ಪಾಣಿಯ ಸದಸ್ಯರಿಗೂ ಜಗಳ ಹತ್ತಿಕೊಂಡಿತು. ಮಂಡಳ ಒಡೆಯಿತು, ಕಟ್ಟೆ ಒಡೆಯಲಿಲ್ಲ. ತೊಂಬತ್ತರ ದಶಕದ ಮೊದಲಿಗೆ ಮಾಸ್ತರರು ತೀರಿಕೊಂಡರು, ಮುಂದಿನ ಮಳೆಗಾಲಕ್ಕೆ ಆಯಿ. ಕೊನೆಯವರೆಗೂ ಅವಳು ಕಟ್ಟೆಯ ಮೇಲೆ ಕೂರಲಿಲ್ಲವಂತೆ, ಕೆಳಗೆ ನೆಲದಲ್ಲೇ ಕೂತು ದೀಪ ಹಚ್ಚುತ್ತಿದ್ದಳಂತೆ.

ಕಾರ್ಯಕ್ರಮದ ದಿನ ನಾವು ಉಂಡು ಟೆಂಪೊ ಹತ್ತಿದಾಗ ಅವಳು ನನ್ನ ಕಿಟಕಿಯ ಬಳಿಗೆ ಬಂದಿದ್ದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ, ನಿಜವಾಗಿ ತಿಳಿಯದೆ ಕೇಳುವವರಂತೆ ಕೇಳಿದಳು.

"ಬಾಯಾರ, ಬೇಲೂರ ತೋರಿಸಿದ್ರಿ, ಬಾದಾಮಿ ತೋರಿಸಿದ್ರಿ. ಹೆಸರ ಮಣ್ಣಾಗ ಐತಿ, ಸಿಮೆಂಟ ಹಾಕಬ್ಯಾಡ ಆಯಿ ಅಂತ ಒಂದ ಮಾತ ಅಂದಿದ್ರ ನಿಮ್ಮ ಗಂಟೇನ ಹೋಗ್ತಿತ್ರಿ?"