ಒತ್ತಕ್ಕನ ಕಣ್ತಪ್ಪು

ಆ ಮುದ್ರಣಾಲಯದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಯಂತ್ರ ಓಡಿಸುವವನಿಂದ ಹಿಡಿದು ಪುಸ್ತಕ ಹೊಲಿಯುವ ಹೆಂಗಸರವರೆಗೆ ಎಲ್ಲರ ಬಾಯಲ್ಲೂ ಅವಳು ಒತ್ತಕ್ಕ. ಬಹಳ ಹಿಂದೆ ಯಾರೋ ಒಬ್ಬ ‘ಅಕ್ಕ’ ಎಂಬುದನ್ನು ‘ಅಕ’ ಎಂದು ಜೋಡಿಸಿ ತಂದಿದ್ದನಂತೆ. "ಇವಳ ಒತ್ತು ಎಲ್ಲಪ್ಪಾ? ಮನೇಲಿ ಬಿಟ್ಟು ಬಂದ್ಯಾ?" ಎಂದು ಅವಳು ಕೇಳಿದ್ದೇ ತಡ, ಅಂದಿನಿಂದ ಹೆಸರು ಅಂಟಿಕೊಂಡಿತು. ಅಂಟಿಕೊಂಡಿದ್ದನ್ನು ಕಿತ್ತುಹಾಕುವ ಗೋಜಿಗೆ ಅವಳೂ ಹೋಗಲಿಲ್ಲ.

ಕರಡು ತಿದ್ದುವುದು ಅವಳ ಕೆಲಸ. ಕೆಳಗೆ ಯಂತ್ರ, ಕಬ್ಬಿಣದ ಮೆಟ್ಟಿಲು ಹತ್ತಿದರೆ ಅಟ್ಟದಂಥ ಒಂದು ಕೋಣೆ, ಕಿಟಕಿಗೆ ತಾಗಿದ ಮೇಜು. ಯಂತ್ರ ಓಡತೊಡಗಿದರೆ ಮೇಜಿನ ಮೇಲಿನ ಚಹಾ ಲೋಟ ಗಿಲಗಿಲ ಅನ್ನುತ್ತಿತ್ತು. ಅವಳ ಆಸ್ತಿ ಎಂದರೆ ಒಂದು ಕೆಂಪು ಪೆನ್ನು, ಅಂಚು ಸವೆದ ಒಂದು ಮರದ ಅಳತೆಪಟ್ಟಿ. ಪಟ್ಟಿಯನ್ನು ಸಾಲಿನ ಕೆಳಗಿಟ್ಟು, ಮೊದಲು ಅರ್ಥಕ್ಕಾಗಿ ಒಂದು ಸಲ, ಆಮೇಲೆ ಅಕ್ಷರಕ್ಕಾಗಿ ಒಂದು ಸಲ, ಕೊನೆಗೆ ಹಿಂದಿನಿಂದ ಮುಂದಕ್ಕೆ ಒಂದು ಸಲ ಓದುತ್ತಿದ್ದಳು. ಮೂರೂ ಮುಗಿದ ಮೇಲೆ ಮೂಲೆಯಲ್ಲಿ ‘ಮುದ್ರಣಕ್ಕೆ ಒಪ್ಪಿದೆ’ ಎಂದು ಬರೆದು ಪೂರ್ತಿ ಹೆಸರಿನ ಸಹಿ. ಆ ಸಹಿ ಬೀಳದೆ ಯಂತ್ರದವನು ಜಪ್ಪಯ್ಯ ಅಂದರೂ ಗುಂಡಿ ಒತ್ತುತ್ತಿರಲಿಲ್ಲ.

ತಪ್ಪುಗಳ ಪಟ್ಟಿ ಹೊತ್ತ ಚೀಟಿಯನ್ನು ಪುಸ್ತಕದ ಮೊದಲ ಪುಟಕ್ಕೆ ಅಂಟಿಸುತ್ತಾರಲ್ಲ, ಎಡಕ್ಕೆ ತಪ್ಪು, ಬಲಕ್ಕೆ ಸರಿ, ಹಾಗೆ ತಿದ್ದಿಕೊಂಡು ಓದಿ ಎಂದು ಕೈಮುಗಿಯುವ ಚೀಟಿ, ಅಂಥದ್ದು ಮೂವತ್ತೊಂದು ವರ್ಷಗಳಲ್ಲಿ ಆ ಮುದ್ರಣಾಲಯದಿಂದ ಒಂದೂ ಹೊರಬಿದ್ದಿರಲಿಲ್ಲ. ಒತ್ತಕ್ಕನಿಗೆ ಜಂಬ ಅಂತ ಇದ್ದರೆ ಅದೊಂದೇ. ನಿವೃತ್ತಿಗೆ ಎರಡು ತಿಂಗಳಿತ್ತು. ಆ ಜಂಬವನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಹೋಗಬೇಕೆಂದು ಅವಳ ಆಸೆ.

ಅಷ್ಟರಲ್ಲಿ ವಿಶ್ವವಿದ್ಯಾಲಯದ ಕೆಲಸ ಬಂತು. ಹದಿನೆಂಟು ದೇಶಗಳ ವಿದ್ಯಾರ್ಥಿಗಳು ಸೇರುವ ಮಾನವ ಹಕ್ಕುಗಳ ಸಮ್ಮೇಳನ. ಮೊದಲು ಬಂದಿದ್ದು ಭಿತ್ತಿಪತ್ರದ ಕರಡು. ಅದನ್ನು ನೋಡಿದವಳೇ ಒತ್ತಕ್ಕ ಮೆಟ್ಟಿಲ ತುದಿಗೆ ಬಂದು ನಿಂತಳು.

"ಮಾನವ ಹಕ್ಕಿಗಳ ಸಮ್ಮೇಳನ ಅಂತೆ. ಯಾವ ಹಕ್ಕಿ ಕಣ್ರೋ ಇದು? ಮೊಟ್ಟೆ ಇಡುತ್ತೋ, ಮರಿ ಹಾಕುತ್ತೋ?"

ಕೊಂಬು ಹೋಗಿ ಗುಡಿಸು ಬಂದಿತ್ತು, ಅಷ್ಟೇ. ಎರಡು ದಿನ ಇಡೀ ಮುದ್ರಣಾಲಯ ಒಬ್ಬರನ್ನೊಬ್ಬರು "ಏನೋ ಮಾನವ ಹಕ್ಕಿ" ಎಂದೇ ಮಾತಾಡಿಸಿತು.

ಭಿತ್ತಿಪತ್ರದ ಹಿಂದೆಯೇ ಪುಸ್ತಕ. ಹೊರದೇಶದ ವಿದ್ಯಾರ್ಥಿಗಳ ಪ್ರಬಂಧಗಳು ಅನುವಾದವಾಗಿ ಬಂದಿದ್ದವು. ಇಲ್ಲಿನ ಒಬ್ಬ ಹುಡುಗಿಯದು ಮಾತ್ರ ನೇರ ಬರಹ. ಅದರಲ್ಲೊಂದು ಸಾಲು: ‘ವಾರಕ್ಕೊಂದು ರಜೆ ಕೇಳಿದ್ದಕ್ಕೆ ನಮ್ಮದೇ ಹಾಸ್ಟೆಲ್ಲಿನ ಹನ್ನೊಂದು ಅಡುಗೆಯವರನ್ನು ಕೆಲಸದಿಂದ ತೆಗೆದುಹಾಕಲಾಯಿತು.’ ಮುಂದಿನ ಪುಟದಲ್ಲಿ ಅದೇ ಹನ್ನೊಂದು ಹನ್ನೆರಡಾಗಿತ್ತು. ಒತ್ತಕ್ಕ ಅಂಚಿನಲ್ಲಿ ‘ಎಷ್ಟು? ಆಧಾರ?’ ಎಂದು ಕೆಂಪಿನಲ್ಲಿ ಗೀಚಿ ಕಳಿಸಿದಳು. ಮರುದಿನ ಹುಡುಗಿಯೇ ಮೆಟ್ಟಿಲು ಹತ್ತಿ ಬಂದಳು. ಮೊಣಕೈವರೆಗೆ ತೋಳು ಮಡಿಚಿದ್ದಳು, ಜಗಳಕ್ಕೆ ಸಿದ್ಧವಾಗಿಯೇ ಬಂದಂತಿತ್ತು.

"ನೀವೂ ಆ ಸಾಲು ತೆಗೀಬೇಕು ಅಂತೀರಾ ಮೇಡಂ?"

"ತೆಗೆಯೋಕೆ ನಾನ್ಯಾರಮ್ಮ? ಹನ್ನೊಂದೋ ಹನ್ನೆರಡೋ ಅಂತ ಕೇಳ್ದೆ. ಒಂದು ಜಾಸ್ತಿ ಆದ್ರೆ ಉಳಿದ ಹನ್ನೊಂದನ್ನೂ ಯಾರೂ ನಂಬಲ್ಲ."

ಹುಡುಗಿ ತೋಳು ಇಳಿಸಿಕೊಂಡಳು. ಚೀಲದಿಂದ ಹನ್ನೊಂದು ಕಾಗದಗಳ ಪ್ರತಿ ತೆಗೆದು ಮೇಜಿನ ಮೇಲೆ ಹರಡಿದಳು. ಹನ್ನೊಂದೂ ವಜಾ ಆದೇಶಗಳು, ಕೆಳಗೆ ಕುಲಸಚಿವರ ಸಹಿ. ಒತ್ತಕ್ಕ ಅಳತೆಪಟ್ಟಿ ಇಟ್ಟು ಒಂದೊಂದನ್ನೂ ಓದಿದಳು. ಓದುತ್ತಾ ಹೋದಂತೆ ಹುಬ್ಬು ಗಂಟಿಕ್ಕಿತು.

"ನೋಡಿಲ್ಲಿ. ‘ಶಿಸ್ತು ಕ್ರಮದ ಮೇರೆಗೆ’ ಅನ್ನೋ ಕಡೆ ‘ಶಿಸು ಕ್ರಮ’ ಅಂತಿದೆ. ಹನ್ನೊಂದರಲ್ಲೂ ಹಾಗೇ. ಹನ್ನೊಂದು ಜನರ ಅನ್ನ ಕಿತ್ತುಕೊಳ್ಳೋವಾಗ ಒಂದು ಸಲ ಓದಿ ನೋಡೋಷ್ಟೂ ಪುರಸೊತ್ತಿಲ್ಲ ಇವರಿಗೆ!"

ಅವಳಿಗೆ ನಿಜಕ್ಕೂ ಸಿಟ್ಟು ಬಂದಿತ್ತು. ಹನ್ನೆರಡನ್ನು ಹೊಡೆದುಹಾಕಿ ಹನ್ನೊಂದು ಮಾಡಿ, ಮೂರನೆಯ ಓದು ಮುಗಿಸಿ ಸಹಿ ಹಾಕಿದಳು. ಪುಸ್ತಕ ಅಚ್ಚಾಯಿತು.

ಸಮ್ಮೇಳನಕ್ಕೆ ಎರಡು ದಿನ ಇರುವಾಗ ಕುಲಸಚಿವರು ತಾವೇ ಬಂದರು. ಮುದ್ರಣಾಲಯದ ಯಜಮಾನ, ಚಡ್ಡಿ ಹಾಕುವ ಕಾಲದಿಂದ ಒತ್ತಕ್ಕನ ಕಣ್ಣೆದುರು ಬೆಳೆದವನು, ಕುರ್ಚಿ ಒರೆಸಿಕೊಟ್ಟು ಪಕ್ಕದಲ್ಲಿ ಕೈಕಟ್ಟಿ ನಿಂತ. ಕುಲಸಚಿವರು ನಲವತ್ತೇಳನೆಯ ಪುಟ ತೆರೆದು ಬೆರಳಿಟ್ಟರು.

"ಈ ಸಾಲಲ್ಲಿ ತಪ್ಪಾಗಿದೆ. ‘ಹನ್ನೊಂದು ಅಡುಗೆಯವರು ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟರು’ ಅಂತ ಆಗ್ಬೇಕು. ಒಂದು ಚೀಟಿ ಅಂಟಿಸಿಬಿಡಿ. ಕರಡು ತಿದ್ದಿದವರ ಕಣ್ತಪ್ಪಿನಿಂದ ಹೀಗಾಯ್ತು ಅಂತ ಹಾಕಿದ್ರೆ ಯಾರಿಗೂ ನೋವಾಗಲ್ಲ."

ಒತ್ತಕ್ಕನ ಪಿತ್ತ ನೆತ್ತಿಗೇರಿತು.

"ನನಗೆ ಆಗುತ್ತೆ ಸ್ವಾಮಿ."

"ಏನಮ್ಮಾ?"

"ನೋವು. ಕಣ್ಣು ನನ್ನದು, ತಪ್ಪಿಲ್ಲ. ತೆಗೆದುಹಾಕಿದ ಕಾಗದ ಹನ್ನೊಂದನ್ನೂ ನಾನು ಓದಿದ್ದೀನಿ. ಕೆಳಗೆ ನಿಮ್ಮದೇ ಸಹಿ ಇತ್ತು."

ಕುಲಸಚಿವರು ಅವಳತ್ತ ನೋಡದೆ ಯಜಮಾನನತ್ತ ನೋಡಿದರು. "ನಾಡಿದ್ದು ಬೆಳಿಗ್ಗೆ ಪುಸ್ತಕ ಸಭಾಂಗಣದಲ್ಲಿರಬೇಕು, ಚೀಟಿ ಸಮೇತ" ಎಂದು ಎದ್ದು ಹೋದರು. ಅವರು ಹೋದ ಮೇಲೆ ಯಜಮಾನ ಗೋಗರೆದ.

"ಅಕ್ಕಾ, ವರ್ಷದ ಅರ್ಧ ಕೆಲಸ ಅಲ್ಲಿಂದ ಬರೋದು. ಒಂದು ಚೀಟಿ. ಅಂಗೈ ಅಗಲದ್ದು."

"ಅಂಗೈ ಅಗಲದಲ್ಲಿ ನನ್ನ ಮೂವತ್ತೊಂದು ವರ್ಷ ಹೂಳ್ತೀಯಾ? ನಾನು ಸಹಿ ಹಾಕಲ್ಲ. ಹೋಗು."

ಸಂಜೆ ಮನೆಯಲ್ಲಿ ಊಟಕ್ಕೆ ಕೂತಾಗ ಗಂಡನಿಗೆ ಎಲ್ಲವನ್ನೂ ಹೇಳಿದಳು. ಗಂಡ ಬಸ್ಸು ಓಡಿಸಿ ನಿವೃತ್ತನಾದವನು. ಇಡೀ ಜನ್ಮ ಬ್ರೇಕಿನ ಮೇಲೆ ಕಾಲಿಟ್ಟೇ ಕಳೆದ ಮನುಷ್ಯ; ಮನೆಯಲ್ಲೂ ಹೊಸ್ತಿಲು ದಾಟುವ ಮುಂಚೆ ಎಡಬಲ ನೋಡುತ್ತಿದ್ದ.

"ಎರಡೇ ತಿಂಗಳು ಕಣೇ" ಎಂದ. "ನಿಲ್ದಾಣ ಕಾಣಿಸ್ತಾ ಇರೋವಾಗ ಯಾರಾದ್ರೂ ಜೋರಾಗಿ ಓಡಿಸ್ತಾರಾ? ಹಾಕಿಬಿಡು ಸಹಿ."

"ನೀವು ಮಾಡದೇ ಇರೋ ಅಪಘಾತಾನ ನಿಮ್ಮ ಹೆಸರಿಗೆ ಬರೆದಿದ್ರೆ ಸಹಿ ಹಾಕ್ತಿದ್ರಾ?"

ಗೋಡೆಯ ಮೇಲೆ ಗಾಜಿನ ಚೌಕಟ್ಟಿನೊಳಗೆ ಅವನ ಪದಕವಿತ್ತು: ಅಪಘಾತವಿಲ್ಲದ ಸೇವೆಗಾಗಿ. ಅವನು ಒಮ್ಮೆ ಅದರತ್ತ ನೋಡಿ, ತಟ್ಟೆಯತ್ತ ನೋಡಿ, ಬಾಯಲ್ಲಿದ್ದ ತುತ್ತು ಅಗಿದು ನುಂಗಿದ.

"ಹಾಕಬೇಡ" ಎಂದ ಕೊನೆಗೆ. "ಆ ನನ್ಮಗ ಏನು ಮಾಡ್ಕೊಳ್ತಾನೋ ನೋಡೇ ಬಿಡೋಣ."

ಮೂವತ್ತು ವರ್ಷಗಳ ಸಂಸಾರದಲ್ಲಿ ಅವನ ಬಾಯಲ್ಲಿ ಬೈಗುಳ ಕೇಳಿದ್ದು ಅವಳು ಅದೇ ಮೊದಲು. ಅಂದು ಅವಳಿಗೆ ಚೆನ್ನಾಗಿ ನಿದ್ದೆ ಬಂತು.

ಮರುದಿನ ಮುದ್ರಣಾಲಯದಲ್ಲಿ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಹುಡುಗಿಗೆ ಇದ್ದಕ್ಕಿದ್ದಂತೆ ತಲೆನೋವು ಬಂದು, ಅವಳು ಮನೆಗೆ ಹೋಗಿಬಿಟ್ಟಳು. ಒತ್ತಕ್ಕ ಒಲ್ಲೆ ಅಂದಿದ್ದನ್ನು ಮುಟ್ಟುವ ಧೈರ್ಯ ಅವಳಿಗಿರಲಿಲ್ಲ ಎನ್ನುವುದೇ ಸರಿ. ಯಜಮಾನ ತಾನೇ ಕೂತು, ಎರಡು ಬೆರಳಲ್ಲಿ ಕುಟ್ಟಿ, ಬೆವರೊರೆಸಿಕೊಳ್ಳುತ್ತಾ ಕರಡು ಹಿಡಿದು ಮೇಲೆ ಬಂದ.

"ಅಕ್ಕಾ, ನಿಮ್ಮ ಸಹಿ ಇಲ್ಲದೆ ಕೆಳಗೆ ಅವನು ಯಂತ್ರ ಮುಟ್ಟಲ್ಲ ಅಂತಾನೆ. ಒಂದ್ಸಲ ಕಣ್ಣು ಹಾಯಿಸಿ ಸಾಕು. ಬೈಯೋದಿದ್ರೆ ಆಮೇಲೆ ಬೈಯಿರಿ."

ಅವಳು ಕಾಗದವನ್ನು ಹಿಂದಕ್ಕೆ ತಳ್ಳಬೇಕೆಂದೇ ಕೈ ಚಾಚಿದಳು. ಆದರೆ ಮೂವತ್ತೊಂದು ವರ್ಷಗಳ ಚಟ; ಕಣ್ಣು ಆಗಲೇ ಓದಿಬಿಟ್ಟಿತ್ತು.

ಅಂಥ ಚೀಟಿಯನ್ನು ಯಜಮಾನ ಜನ್ಮದಲ್ಲಿ ಮಾಡಿದವನಲ್ಲ, ಮಾಡಿದ್ದನ್ನು ಕಂಡವನೂ ಅಲ್ಲ. ಅವಳೇ ಅದಕ್ಕೆ ಅವಕಾಶ ಕೊಟ್ಟಿರಲಿಲ್ಲ. ಎಡಕ್ಕೆ ತಪ್ಪು, ಬಲಕ್ಕೆ ಸರಿ ಎಂಬುದು ಅವನಿಗೆ ಗೊತ್ತಿರಲಿಲ್ಲ. ಬಾಯಲ್ಲಿ ಹೇಗೆ ಬರುತ್ತದೋ ಹಾಗೇ ತಲೆಬರಹ ಹಾಕಿದ್ದ: ಸರಿ, ತಪ್ಪು. ಆಮೇಲೆ ಮೊದಲಿನ ಸಾಲನ್ನು ಮೊದಲು, ಹೊಸ ಸಾಲನ್ನು ಆಮೇಲೆ ಕೂರಿಸಿದ್ದ. ಹಾಗಾಗಿ ‘ಸರಿ’ಯ ಕೆಳಗೆ ‘ಕೆಲಸದಿಂದ ತೆಗೆದುಹಾಕಲಾಯಿತು’ ಎಂದಿತ್ತು. ‘ತಪ್ಪು’ ಎಂಬುದರ ಕೆಳಗೆ ‘ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟರು’ ಎಂದಿತ್ತು. ಎಲ್ಲಕ್ಕಿಂತ ಕೆಳಗೆ ದಪ್ಪಕ್ಷರದಲ್ಲಿ: ಕುಲಸಚಿವರು.

ಒತ್ತಕ್ಕ ಕಾಗದವನ್ನು ಮೇಜಿನ ಮೇಲೆ ಹರಡಿದಳು. ಅಳತೆಪಟ್ಟಿ ಇಟ್ಟು ಅರ್ಥಕ್ಕಾಗಿ ಓದಿದಳು. ಅಕ್ಷರಕ್ಕಾಗಿ ಓದಿದಳು. ಹಿಂದಿನಿಂದ ಮುಂದಕ್ಕೆ ಓದಿದಳು. ಹೇಗೆ ಓದಿದರೂ ಅದರಲ್ಲಿ ಸುಳ್ಳು ಅಂತ ಇದ್ದದ್ದು ಒಂದೇ ಮಾತು. ‘ಕರಡು ತಿದ್ದಿದವರ ಕಣ್ತಪ್ಪಿನಿಂದ’ ಎಂಬುದರ ಮೇಲೆ ಅವಳು ಕೆಂಪು ಗೆರೆ ಎಳೆದಳು.

"ಇದೊಂದು ತೆಗಿ. ಸಹಿ ಹಾಕ್ತೀನಿ."

ಯಜಮಾನನಿಗೆ ಹೋದ ಜೀವ ಬಂದಂತಾಯಿತು. "ತೆಗೀತೀನಿ ಅಕ್ಕಾ, ಈಗಲೇ ತೆಗೀತೀನಿ."

"ನೀನು ಸರಿಯಾಗಿ ಓದಿ ನೋಡಿದ್ದೀಯಾ?"

"ನೀವು ನೋಡಿದ ಮೇಲೆ ನಾನೇನು ನೋಡೋದು?"

ಅವಳಿಗೆ ಅವನ ಮೇಲೆ ಒಂದು ಗಳಿಗೆ ಕನಿಕರ ಹುಟ್ಟಿತು. ಆದರೆ ಹನ್ನೊಂದು ಕಾಗದಗಳು ಕಣ್ಣ ಮುಂದೆ ಬಂದವು. ‘ಮುದ್ರಣಕ್ಕೆ ಒಪ್ಪಿದೆ’ ಎಂದು ಬರೆದು, ಪೂರ್ತಿ ಹೆಸರಿನ ಸಹಿ ಹಾಕಿ, ಎಂದೂ ಹಾಕದ ತಾರೀಖನ್ನೂ ಹಾಕಿದಳು. ಅವನು ಮೆಟ್ಟಿಲಿಳಿದು ಹೋದ ಮೇಲೆ ಅಳತೆಪಟ್ಟಿಯನ್ನೂ ಕೆಂಪು ಪೆನ್ನನ್ನೂ ಕೈಚೀಲಕ್ಕೆ ಹಾಕಿಕೊಂಡಳು. ಲೋಟ ಗಿಲಗಿಲ ಅನ್ನತೊಡಗಿತು.

ತಾನು ತಿದ್ದಿದ್ದನ್ನು ಓದುವವರ ಮುಖವನ್ನು ಅವಳು ಎಂದೂ ನೋಡಿದವಳಲ್ಲ. ಮರುದಿನ ಪುಸ್ತಕದ ಕಟ್ಟುಗಳ ಜೊತೆ ತಾನೂ ವ್ಯಾನು ಹತ್ತಿದಳು. ಸಭಾಂಗಣದ ತುಂಬ ನಾನಾ ಬಣ್ಣದ, ನಾನಾ ಭಾಷೆಯ ಹುಡುಗ ಹುಡುಗಿಯರು. ಅನುವಾದ ಕೇಳಲು ಎಲ್ಲರ ಕಿವಿಗೂ ಒಂದೊಂದು ಯಂತ್ರ. ಒತ್ತಕ್ಕ ಹಿಂದಿನ ಸಾಲಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಪಕ್ಕದಲ್ಲಿ ಯಜಮಾನ. ವೇದಿಕೆಯ ಮೇಲೆ ಕುಲಸಚಿವರು.

ಮಧ್ಯಾಹ್ನದ ಹೊತ್ತಿಗೆ ಹುಡುಗಿಯ ಸರದಿ ಬಂತು. ತೋಳು ಮಡಿಚಿಕೊಂಡೇ ಓದತೊಡಗಿದಳು. ಆ ಸಾಲಿನ ಹತ್ತಿರ ಬರುತ್ತಿದ್ದಂತೆ ಕುಲಸಚಿವರು ತಮ್ಮ ಮೈಕಿನ ಗುಂಡಿ ಒತ್ತಿದರು.

"ಒಂದು ನಿಮಿಷ. ಆ ಸಾಲಿನ ಬಗ್ಗೆ ವಿಶ್ವವಿದ್ಯಾಲಯದ ಅಧಿಕೃತ ನಿಲುವು ಪುಸ್ತಕದ ಮೊದಲ ಪುಟದ ಚೀಟಿಯಲ್ಲಿದೆ. ಅದನ್ನು ಓದಿ. ಎಲ್ಲರೂ ಹಾಗೇ ತಿದ್ದಿಕೊಳ್ಳಿ."

ಹುಡುಗಿಯ ಮುಖ ಕೆಂಪಾಯಿತು. ಸಿಟ್ಟಿನಿಂದಲೇ ಮೊದಲ ಪುಟ ತೆರೆದಳು. ಚೀಟಿ ನೋಡಿದಳು. ಇನ್ನೊಮ್ಮೆ ನೋಡಿದಳು. ಆಮೇಲೆ ಮೈಕಿಗೆ ಬಾಯಿ ಹತ್ತಿರ ತಂದು, ಒಂದೊಂದೇ ಮಾತು ಬಿಡಿಸಿ ಓದಿದಳು.

"ಸರಿ: ವಾರಕ್ಕೊಂದು ರಜೆ ಕೇಳಿದ್ದಕ್ಕೆ ಹನ್ನೊಂದು ಅಡುಗೆಯವರನ್ನು ಕೆಲಸದಿಂದ ತೆಗೆದುಹಾಕಲಾಯಿತು. ತಪ್ಪು: ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟರು. ಇಂತಿ, ಕುಲಸಚಿವರು."

ಅನುವಾದ ಕಿವಿಗಳನ್ನು ಮುಟ್ಟಲು ಒಂದೆರಡು ಗಳಿಗೆ ಹಿಡಿಯಿತು. ಆಮೇಲೆ ಸಾಲುಸಾಲಾಗಿ ಚಪ್ಪಾಳೆ ಎದ್ದಿತು. ತಪ್ಪನ್ನು ಇಷ್ಟು ನೇರವಾಗಿ ಒಪ್ಪಿಕೊಂಡ ವಿಶ್ವವಿದ್ಯಾಲಯವನ್ನು ತಾನು ಕಂಡಿಲ್ಲ, ಆ ಹನ್ನೊಂದು ಜನರನ್ನು ಯಾವ ದಿನ ಮರಳಿ ಕರೆಸುತ್ತೀರಿ ಎಂದು ದೂರದೇಶದ ಹುಡುಗನೊಬ್ಬ ಎದ್ದು ಕೇಳಿದ. ಕುಲಸಚಿವರು ಇಂಗು ತಿಂದ ಮಂಗನ ಹಾಗೆ ಚೀಟಿಯನ್ನೇ ನೋಡುತ್ತಿದ್ದರು.

ವಿರಾಮಕ್ಕೆ ಬಿಟ್ಟಾಗ ಅವರು ಹಿಂದಿನ ಸಾಲಿಗೆ ಧಾವಿಸಿ ಬಂದರು. ಹಿಂದೆಯೇ ಹುಡುಗಿ, ಅವಳ ಹಿಂದೆ ಹತ್ತಾರು ದೇಶಗಳ ವಿದ್ಯಾರ್ಥಿಗಳು.

"ಯಾರು ಓದಿದ್ದು ಈ ಚೀಟೀನ?"

ಒತ್ತಕ್ಕ ಎದ್ದು ನಿಂತಳು.

"ನಾನು. ಮೂರು ಸಲ."

"ತಪ್ಪಾಗಿದೆ ಇದರಲ್ಲಿ!"

ಅವಳು ಚೀಲದಿಂದ ಅಳತೆಪಟ್ಟಿಯನ್ನೂ ಕೆಂಪು ಪೆನ್ನನ್ನೂ ತೆಗೆದು ಅವರ ಮುಂದೆ ಹಿಡಿದಳು. "ಎಲ್ಲಿ ತಪ್ಪು, ತೋರಿಸಿ ಸ್ವಾಮಿ. ಇಲ್ಲೇ ತಿದ್ದಿಕೊಡ್ತೀನಿ. ಇವರೆಲ್ಲ ನೋಡ್ತಾ ಇರಲಿ."

ಕುಲಸಚಿವರು ಪೆನ್ನು ನೋಡಿದರು, ಸುತ್ತ ನಿಂತ ಮುಖಗಳನ್ನು ನೋಡಿದರು. ಬೆರಳು ಮೇಲೆದ್ದಿತು, ಚೀಟಿಯ ಹತ್ತಿರ ಬಂತು, ಎಲ್ಲಿಯೂ ಇಳಿಯಲಿಲ್ಲ.

"ನಾಳೆಯಿಂದ ಈಯಮ್ಮ ನಿಮ್ಮಲ್ಲಿ ಇರಬಾರದು" ಎಂದರು ಯಜಮಾನನಿಗೆ.

"ಇರಲ್ಲ ಬಿಡಿ, ಸಾಮಾನು ನಿನ್ನೆಯೇ ಕಟ್ಟಿಕೊಂಡಿದ್ದೀನಿ" ಎಂದಳು ಒತ್ತಕ್ಕ. "ನನ್ನ ಕಾಗದದಲ್ಲಾದ್ರೂ ‘ಶಿಸ್ತು’ ಅನ್ನೋದಕ್ಕೆ ಒತ್ತು ಕೊಡಿಸಿ."

ಅವರು ಬಿರಬಿರನೆ ಹೊರಟುಹೋದರು. ಹುಡುಗಿ ಒತ್ತಕ್ಕನ ಎರಡೂ ಕೈ ಹಿಡಿದುಕೊಂಡಳು. ಯಜಮಾನ ಇನ್ನೂ ಕೂತಲ್ಲೇ ಕೂತಿದ್ದ. ಚೀಟಿಯನ್ನು ಆಗಷ್ಟೇ, ಮೊದಲ ಸಲ, ಪೂರ್ತಿ ಓದಿ ಮುಗಿಸಿದ್ದ.

"ಅಕ್ಕಾ" ಎಂದ ಸಣ್ಣ ದನಿಯಲ್ಲಿ, "ನಿಮ್ಮ ಕಣ್ಣಿಗೆ ಇದು ಬಿದ್ದಿರಲಿಲ್ಲ ತಾನೇ? ಕಣ್ತಪ್ಪು ಅಂದುಬಿಡಿ. ಕೆಲಸ ಉಳಿಯುತ್ತೆ. ನಾನು ಹೇಗಾದ್ರೂ ಹೇಳಿ ನೋಡ್ತೀನಿ."

ಒತ್ತಕ್ಕ ಅಳತೆಪಟ್ಟಿಯನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡಳು.

"ಚಡ್ಡಿ ಹಾಕ್ತಿದ್ದ ಕಾಲದಿಂದ ನನ್ನ ನೋಡಿದ್ದೀಯಲ್ಲೋ" ಎಂದಳು. "ಒಂದು ಸಲಾನಾದ್ರೂ ನನ್ನ ಕಣ್ಣು ತಪ್ಪಿದ್ದನ್ನ ಕಂಡಿದ್ದೀಯಾ?"