ಸ್ವಾಮಿ ಉತ್ತರೀಯ ಒಗೆದ ಕಲ್ಲು

ಮೂವತ್ತನಾಲ್ಕು ವರ್ಷ ಅಚ್ಚುಕೂಟದಲ್ಲಿ ನಿಂತುಕೊಂಡೇ ದುಡಿದವನಿಗೆ ಬೀದಿಯವರು ಇಟ್ಟ ಹೆಸರು ಮೊಳೆರಾಯ. ಸೀಸದ ಅಕ್ಷರಕ್ಕೆ ಆ ಕಸುಬಿನಲ್ಲಿ ಮೊಳೆ ಎನ್ನುತ್ತಾರೆ. ಒಂದೊಂದೇ ಮೊಳೆ ಹೆಕ್ಕಿ ಸಾಲು ಕಟ್ಟುವುದರಲ್ಲಿ ಅವನದು ಎತ್ತಿದ ಕೈ. ಓದಿದ್ದು ನಾಲ್ಕನೇ ಇಯತ್ತೆ. ಆದರೆ ವಕೀಲರ ನೋಟೀಸಿನಿಂದ ಹಿಡಿದು ಮೂಲವ್ಯಾಧಿ ಔಷಧಿಯ ಕರಪತ್ರದವರೆಗೆ ಅವನ ಬೆರಳು ಮುಟ್ಟದ ವಿದ್ಯೆ ಇರಲಿಲ್ಲ.

ದೇವಸ್ಥಾನಗಳ ಸ್ಥಳಪುರಾಣವನ್ನಂತೂ ಹನ್ನೊಂದು ಜೋಡಿಸಿದ್ದ. ಹನ್ನೊಂದರಲ್ಲೂ ಒಂದು ಹಸು ಹುತ್ತದ ಮೇಲೆ ಹಾಲು ಕರೆಯುತ್ತಿತ್ತು, ಹನ್ನೊಂದರಲ್ಲೂ ಒಬ್ಬ ರಾಜನಿಗೆ ಕನಸು ಬೀಳುತ್ತಿತ್ತು. ಮೂರನೆಯ ದೇವಸ್ಥಾನದ ಹೊತ್ತಿಗೆ ಮೊಳೆರಾಯನಿಗೆ ಬುದ್ಧಿ ಬಂತು. ಹಸುವಿನ ಪುಟವನ್ನು ಕಳಚದೆ, ಸುತ್ತ ದಾರ ಬಿಗಿದು ಕಪಾಟಿನ ಮೇಲಿಟ್ಟ. ಹೊಸ ದೇವರು ಬಂದಾಗಲೆಲ್ಲ ಹಸುವನ್ನು ಇಳಿಸುವುದು, ದೇವರ ಹೆಸರು, ಊರಿನ ಹೆಸರು ಬದಲಿಸುವುದು, ಅಚ್ಚೊತ್ತಿ ಮತ್ತೆ ಕಟ್ಟಿಹಾಕುವುದು. ಅಷ್ಟು ವರ್ಷ ಮೇವಿಲ್ಲದೆ ಹಾಲು ಕೊಟ್ಟ ಹಸು ಇನ್ನೊಂದಿರಲಾರದು.

ಹನ್ನೆರಡನೆಯದು ಅವನದೇ ಬೀದಿಯ ದೇವಸ್ಥಾನದ್ದು. ಸಮಿತಿಯ ಅಧ್ಯಕ್ಷರು ಬಟ್ಟೆ ಅಂಗಡಿಯ ಯಜಮಾನರು. ಹದಿನಾರು ಪುಟದ ಪುಸ್ತಕ ಬೇಕೆಂದರು. ಹಸು ಬಂತು, ರಾಜ ಬಂದ, ಸಮಿತಿಯ ಒಂಬತ್ತು ಜನರ ಫೋಟೋ ಬಂತು, ಅಂಗಡಿಯ ಜಾಹೀರಾತು ಬಂತು. ಆದರೂ ಒಂದು ಪುಟ ಬೋಳಾಗಿ ಉಳಿಯಿತು.

"ಖಾಲಿ ಪುಟ ಅಪಶಕುನ ಕಣಯ್ಯಾ. ಏನಾದ್ರೂ ತುಂಬಿಸು," ಎಂದರು ಅಧ್ಯಕ್ಷರು, ಫೋಟೋದಲ್ಲಿ ತಮ್ಮ ಮೀಸೆ ಸರಿಯಾಗಿದೆಯೇ ಎಂದು ನೋಡುತ್ತ.

ಮೊಳೆರಾಯ ಕಾಗದ ಮುಟ್ಟಲಿಲ್ಲ. ನೇರವಾಗಿ ಮೊಳೆಯಲ್ಲೇ ಕಥೆ ಹೊಸೆದ. ಸ್ವಾಮಿ ರಕ್ಕಸನನ್ನು ಕೊಂದು ಬಂದನಂತೆ, ಉತ್ತರೀಯಕ್ಕೆ ರಕ್ತ ಮೆತ್ತಿತ್ತಂತೆ, ಕಲ್ಲೊಂದರ ಮೇಲೆ ತಾನೇ ಒಗೆದುಕೊಂಡನಂತೆ. ಪುರಾಣ ಹೇಳುವವರಾಗಿದ್ದರೆ 'ಒಂದಾನೊಂದು ಕಡೆ' ಎಂದು ಕೈ ತೊಳೆದುಕೊಳ್ಳುತ್ತಿದ್ದರು. ಆದರೆ ಮೊಳೆ ಜೋಡಿಸುವವನಿಗೆ ಅಳತೆಯಿಲ್ಲದೆ ಕೈ ಓಡದು; ಸಾಲಿಗೆ ಇಷ್ಟು, ಅಂಚಿಗೆ ಇಷ್ಟು ಎಂದೇ ಬದುಕಿದವನು. 'ದೇಗುಲದ ಹಿಂಗೋಡೆಯಿಂದ ಪಶ್ಚಿಮಕ್ಕೆ ೪೨ ಹೆಜ್ಜೆ, ಬಾವಿಯ ಪಕ್ಕ, ಮೂಲೆ ಮುರಿದ ಕರಿಕಲ್ಲು' ಎಂದು ಜೋಡಿಸಿಬಿಟ್ಟ. ಕಣ್ಣಿಗೆ ಕಟ್ಟಿದ ಕಲ್ಲು ಅದೊಂದೇ. ಅದು ಅವನ ಮನೆಯ ಹಿತ್ತಲಲ್ಲಿ ಹೆಂಡತಿ ದಿನಾ ಬಟ್ಟೆ ಒಗೆಯುವ ಕಲ್ಲು. ಮೂಲೆ ಮುರಿದದ್ದು ಲಾರಿಯಿಂದ ಇಳಿಸುವಾಗ.

ಸ್ಥಳಪುರಾಣವನ್ನು ಯಾರಾದರೂ ಓದುತ್ತಾರೆ ಎಂಬ ಅನುಮಾನವೇ ಅವನಿಗೆ ಇರಲಿಲ್ಲ. ಹನ್ನೊಂದನ್ನು ಯಾರೂ ಓದಿರಲಿಲ್ಲ.

ಇದನ್ನು ಓದಿದರು. ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರು ಹಿಂಗೋಡೆಗೆ ಬೆನ್ನು ಕೊಟ್ಟು ನಿಂತು, ನಲವತ್ತೆರಡು ಹೆಜ್ಜೆ ಎಣಿಸಿಕೊಂಡು ಬಂದು, ಮೊಳೆರಾಯನ ಹಿತ್ತಲ ಬೇಲಿ ದಾಟಿ, ಸಾಬೂನಿನ ನೊರೆಗೆ ಅಡ್ಡಬಿದ್ದರು.

ಹೆಂಡತಿಯ ಕೈಯಲ್ಲಿ ಗಂಡನ ಬನಿಯನ್ನು ಹಾಗೇ ನಿಂತಿತು. "ಏಳಿ ಮೇಷ್ಟ್ರೇ, ಕಾಲು ಜಾರಿತಾ?"

"ಜಾರಿಲ್ಲ ತಾಯೀ, ಸಿಕ್ಕಿದೆ! ನೀನು ಪುಣ್ಯವಂತೆ!"

ಅಂದಿನಿಂದ ಅವಳಿಗೆ ಬಟ್ಟೆ ಒಗೆಯುವ ಯೋಗ ತಪ್ಪಿತು. ಬೆಳಗಾದರೆ ಹಿತ್ತಲ ತುಂಬ ಜನ. ಕಲ್ಲಿಗೆ ಕುಂಕುಮ, ಕಲ್ಲಿಗೆ ಹಾರ. ಬಚ್ಚಲಿಗೆ ಹೋಗಬೇಕಾದರೆ ಸಾಲಿನಲ್ಲಿ ನಿಲ್ಲಬೇಕು. ಒಬ್ಬರಂತೂ ಹಗ್ಗದ ಮೇಲಿದ್ದ ಮೊಳೆರಾಯನ ಪಂಚೆಗೂ ಕೈ ಮುಗಿದರು.

"ರೀ, ಯಾರು ಬರೆದದ್ದು ಈ ಹಾಳು ಕಥೆ?" ಎಂದು ಹೆಂಡತಿ ಕೇಳಿದಳು. ಗಂಡ ತಲೆ ತಗ್ಗಿಸಿದ್ದು ನೋಡಿ ಅವಳಿಗೆ ಅರ್ಥವಾಯಿತು. "ಅಯ್ಯೋ ನಿಮ್ಮ! ನಿಮ್ಮ ದೇವರಿಗೆ ಉತ್ತರೀಯ ಒಗೆದುಕೊಡೋಕೆ ಹೆಂಡತಿ ಇರಲಿಲ್ವಾ? ಬಂದು ಬಂದು ನನ್ನ ಕಲ್ಲೇ ಬೇಕಾಯ್ತಾ?"

ನಗುವ ಮಾತು ಅಲ್ಲಿಗೇ ಮುಗಿಯಿತು. ಸಮಿತಿ ಒಂದು ಠರಾವು ಮಾಡಿತು. ಕಲ್ಲಿಗೆ ಮಂಟಪ ಕಟ್ಟಬೇಕು, ಅದಕ್ಕೆ ಅಡ್ಡವಾಗಿರುವ ಅಡುಗೆಮನೆ, ಬಚ್ಚಲು ಕೆಡವಬೇಕು, ಉಳಿದ ಎರಡು ಕೋಣೆ ಭಕ್ತರ ವಿಶ್ರಾಂತಿಗೆ. ಬೀದಿಯವರೆಲ್ಲ ಸಹಿ ಹಾಕಿದ್ದರು; ದೇವರ ಕೆಲಸಕ್ಕೆ ಒಲ್ಲೆ ಎಂದು ಆ ಬೀದಿಯಲ್ಲಿ ಬಾಳುವಂತಿರಲಿಲ್ಲ. ಮನೆ ಖಾಲಿ ಮಾಡಲು ಒಂದು ತಿಂಗಳು. ಅದು ಹೆಂಡತಿಗೆ ಅವಳ ಅಪ್ಪ ಕಟ್ಟಿಸಿಕೊಟ್ಟ ಮನೆ. ಅದು ಬಿಟ್ಟರೆ ಗಂಡಹೆಂಡಿರಿಗೆ ತಲೆಯ ಮೇಲೆ ಆಕಾಶವೇ ಗತಿ.

ಮೊಳೆರಾಯ ಸಮಿತಿಯ ಮುಂದೆ ನಿಂತು ತಪ್ಪೊಪ್ಪಿಕೊಂಡ. "ಯಜಮಾನ್ರೇ, ಪುಟ ತುಂಬಿಸೋಕೆ ನಾನೇ ಕಟ್ಟಿದ ಕಥೆ. ಆ ಕಲ್ಲು ಲಾರೀಲಿ ಬಂದದ್ದು."

ಅಧ್ಯಕ್ಷರು ನಕ್ಕರು. "ನೀನು ಪುರಾಣ ಬರೆದ್ಯಾ? ಅಚ್ಚು ಹಾಕೋನು ಅಚ್ಚು ಹಾಕಯ್ಯಾ. ಬರೆದಿದ್ರೆ ಎಲ್ಲಿ, ಕೈಬರಹ ತೋರಿಸು."

ಕಾಗದದ ಮೇಲೆ ಬರೆದಿದ್ದರೆ ತಾನೇ ತೋರಿಸುವುದು! ಅವನು ಅರ್ಚಕರತ್ತ ತಿರುಗಿದ. "ನೀವಾದ್ರೂ ಹೇಳಿ ಸ್ವಾಮೀ, ಈ ಕಥೆ ಮೊದಲು ಕೇಳಿದ್ರಾ?"

ಅರ್ಚಕರು ಕಣ್ಣು ಮುಚ್ಚಿದರು. ಕೇಳಿಲ್ಲ ಎಂದರೆ ತಮಗೆ ಗೊತ್ತಿಲ್ಲದ ಪುರಾಣ ಮೊಳೆ ಜೋಡಿಸುವವನಿಗೆ ಗೊತ್ತು ಎಂದಾಗುತ್ತದೆ. "ನಮ್ಮ ತಾತ ಹೇಳ್ತಾ ಇದ್ರು," ಎಂದರು. "ನಲವತ್ತೆರಡೇ ಹೆಜ್ಜೆ. ಚೆನ್ನಾಗಿ ನೆನಪಿದೆ."

"ಕೇಳ್ಸಿತಾ?" ಎಂದರು ಅಧ್ಯಕ್ಷರು. "ಅಚ್ಚಾದದ್ದು ಎಲ್ಲಾದ್ರೂ ಸುಳ್ಳಾಗುತ್ತಾ? ಮನೆ ಉಳಿಸಿಕೊಳ್ಳೋಕೆ ದೇವರಿಗೇ ಟೋಪಿ ಹಾಕ್ತೀಯಲ್ಲ!"

ಮೊಳೆರಾಯ ಮನೆಗೆ ಬಂದ. ಹೆಂಡತಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. "ನಿಜ ಹೇಳಿ ಬಂದ್ರಾ?"

"ಹೇಳಿದೆ. ಯಾರೂ ನಂಬಲಿಲ್ಲ."

"ನೀವು ಬಾಯಲ್ಲಿ ಹೇಳಿದ್ದನ್ನ ನಾನೇ ಯಾವತ್ತೂ ನಂಬಿಲ್ಲ. ನಿಮ್ಮ ಬೆರಳು ಹೇಳಿದ್ರೆ ತಾನೇ ಜನ ನಂಬೋದು. ಅದರಲ್ಲೇ ಹೇಳಿ."

ಮೂರನೆಯ ದಿನ ಅಧ್ಯಕ್ಷರು ಅಚ್ಚುಕೂಟಕ್ಕೆ ಬಂದರು. ಪುಸ್ತಕವೆಲ್ಲ ಖರ್ಚಾಗಿತ್ತು, ಎರಡನೆಯ ಮುದ್ರಣ ಬೇಕು, ತಮ್ಮ ಫೋಟೋ ಮಾತ್ರ ಮೊದಲ ಪುಟದಲ್ಲಿ ದೊಡ್ಡದಾಗಿ ಬರಬೇಕು. ಮೊಳೆರಾಯ ತಲೆಯಾಡಿಸಿದ. ಮರುದಿನ ಬೆಳಿಗ್ಗೆ ಕೊಡೆ ಹಿಡಿದು ದೇಗುಲದ ಹಿಂಗೋಡೆಗೆ ಹೋದ. ಅಲ್ಲಿಂದ ಪಶ್ಚಿಮಕ್ಕೆ, ತನ್ನ ಮನೆ ದಾಟಿ, ಓಣಿ ದಾಟಿ, ತುಟಿ ಅಲ್ಲಾಡಿಸುತ್ತ ನಡೆದ. ಅಧ್ಯಕ್ಷರ ಮನೆಯ ಹಿತ್ತಲಲ್ಲೂ ಬಾವಿಯಿತ್ತು, ಬಾವಿಯ ಪಕ್ಕ ಕಲ್ಲೂ ಇತ್ತು. ಹೆಜ್ಜೆ ಸ್ವಲ್ಪ ಉದ್ದ ಹಾಕಿದರೆ ಲೆಕ್ಕ ಸರಿಹೋಗುತ್ತಿತ್ತು. ಹಾಕಿದ.

ಅಚ್ಚುಕೂಟಕ್ಕೆ ಬಂದು, ದಾರ ಕಟ್ಟಿಟ್ಟಿದ್ದ ಕಲ್ಲಿನ ಕಥೆಯ ಪುಟ ಇಳಿಸಿ, ಒಂದೇ ಒಂದು ಮೊಳೆ ಹೆಕ್ಕಿದ. ೪೨ರ ಎಡಕ್ಕೆ ೧ ಕೂರಿಸಿ, ಆ ಜಾಗಕ್ಕಾಗಿ ಪದಗಳ ನಡುವೆ ತೆರಪಿಗೆಂದು ಇಟ್ಟಿದ್ದ ತೆಳು ಸೀಸವೊಂದನ್ನು ಕಿತ್ತ. ಕರಡನ್ನು ಅಧ್ಯಕ್ಷರ ಕೈಗೇ ಕೊಟ್ಟ. ಅವರು ಫೋಟೋ ನೋಡಿದರು, ಮೀಸೆ ನೋಡಿದರು, ಸಹಿ ಹಾಕಿದರು.

ಎರಡನೆಯ ಮುದ್ರಣದ ಮೊದಲ ಪುಟದಲ್ಲೇ 'ಪರಿಷ್ಕರಿಸಿದ್ದು' ಎಂದಿತ್ತು. ಪರಿಷ್ಕರಿಸಿದ್ದು ಎಂದರೆ ಜನಕ್ಕೆ ಇನ್ನೂ ಭಕ್ತಿ. ಡ್ರಾಯಿಂಗ್ ಮೇಷ್ಟ್ರು ಹಳೆಯ ತಪ್ಪಿಗೆ ಕೆನ್ನೆ ಕೆನ್ನೆ ಬಡಿದುಕೊಂಡು ಹೊಸದಾಗಿ ಎಣಿಸಿದರು. ಹಿಂದೆ ಇಡೀ ಬೀದಿ. ಅಧ್ಯಕ್ಷರ ಕಲ್ಲಿನ ಮೂಲೆ ಮುರಿದಿರಲಿಲ್ಲ; ಆದರೆ ಕೈ ಮುಗಿದು ಹುಡುಕಿದವರಿಗೆ ಒಂದು ಕೂದಲೆಳೆಯ ಬಿರುಕು ಸಿಗದೆ ಹೋಗುತ್ತದೆಯೇ? ಅರ್ಚಕರು ಕಣ್ಣು ಮುಚ್ಚಿ, "ತಾತ ನೂರಾ ನಲವತ್ತೆರಡು ಅಂತಲೇ ಹೇಳಿದ್ದು. ನಾನೇ ನೂರು ಮರೆತಿದ್ದೆ," ಎಂದರು. ಸಮಿತಿಯ ಉಳಿದ ಎಂಟು ಜನ ಅಂದೇ ಸೇರಿ ಹಳೆಯ ಠರಾವಿನಲ್ಲಿ ಮನೆ ಬದಲಿಸಿದರು.

ಅಧ್ಯಕ್ಷರು ಅಚ್ಚುಕೂಟಕ್ಕೆ ಓಡಿಬಂದಾಗ ಮೀಸೆ ಇಳಿಬಿದ್ದಿತ್ತು. "ಅಲ್ಲಪ್ಪಾ, ನೀನೇ ಕಟ್ಟಿದ ಕಥೆ ಅಂತ ಅವತ್ತೇ ಹೇಳಿದ್ಯಲ್ಲ, ಎಲ್ಲರ ಮುಂದೆ ಇನ್ನೊಂದು ಸಲ ಹೇಳಪ್ಪಾ! ಅಡುಗೆಮನೆ ಅಳೀತಾ ಇದ್ದಾರೆ!"

"ಹೇಳ್ಬಹುದು ಯಜಮಾನ್ರೇ. ನಂಬೋರು ಬೇಕಲ್ಲ," ಎಂದ ಮೊಳೆರಾಯ. "ಕೈಬರಹ ಬೇರೆ ಇಲ್ಲ."

ಅಧ್ಯಕ್ಷರು ಮೋಟುಕುರ್ಚಿಯ ಮೇಲೆ ಕುಸಿದು ಕೂತರು. "ಮೂರನೇ ಮುದ್ರಣ ಹಾಕು. ಸ್ವಾಮಿ ಹೊರಡುವಾಗ ಕಲ್ಲನ್ನೂ ಜೊತೆಗೇ ಕೊಂಡೊಯ್ದ ಅಂತ ಹಾಕು," ಎಂದರು.

"ಯಾವ ಮನೇನೂ ಕೆಡವಬಾರದು ಅಂತ ಅಪ್ಪಣೆ ಕೊಡಿಸಿ ಹೋದ ಅಂತಲೂ ಹಾಕ್ಲಾ?"

"ಹಾಕಪ್ಪಾ, ದಪ್ಪ ಅಕ್ಷರದಲ್ಲೇ ಹಾಕು!"

ಮೊಳೆರಾಯ ದಪ್ಪ ಅಕ್ಷರದಲ್ಲೇ ಹಾಕಿದ. ಕೆಳಗೆ ಅಧ್ಯಕ್ಷರ ಸಹಿಯನ್ನೂ ಹಾಕಿಸಿದ.

ಅದು ಹೊರಬಿದ್ದ ಮೇಲೆ ಹೆಂಡತಿ ಗೋಣಿಚೀಲ ಬಿಚ್ಚಿ ಪಾತ್ರೆಗಳನ್ನು ಸಾಲಾಗಿ ಜೋಡಿಸಿದಳು, ಹಿತ್ತಲಿಗೆ ಹೋಗಿ ಕುಂಕುಮವೆಲ್ಲ ಹೋಗುವಂತೆ ಕಲ್ಲು ತಿಕ್ಕಿದಳು. ಆಗ ಬೇಲಿಯಾಚೆ ಮುದುಕಿಯೊಬ್ಬಳು ನಿಂತಿದ್ದಳು. ದೂರದಿಂದ ಬಂದವಳು. ಕೈಯಲ್ಲಿ ಮೊದಲ ಮುದ್ರಣ.

"ಅಜ್ಜೀ, ಆ ಕಲ್ಲು ಸ್ವಾಮಿ ಜೊತೆ ಹೋಯ್ತಂತೆ. ಇದು ಬರೀ ಬಟ್ಟೆಕಲ್ಲು," ಎಂದಳು ಹೆಂಡತಿ.

"ಹೋದ್ರೆ ಹೋಗ್ಲಿ ಬಿಡು ಮಗಳೇ. ಮಂಡಿ ನೋಯ್ತಿದೆ, ಸ್ವಲ್ಪ ಕೂತ್ಕೊಳ್ಳಲಾ?"

ಹೆಂಡತಿ ಸೆರಗಿನಿಂದ ಕಲ್ಲಿನ ನೀರು ಒರೆಸಿ ಜಾಗ ಮಾಡಿಕೊಟ್ಟಳು. ಅಂದಿನ ಬನಿಯನ್ನು ಬಕೆಟ್ಟಿನಲ್ಲೇ ನೆನೆಯಿತು.